ಕೈಬರಹದ ಪತ್ರ: ಹಾಳೆಯಿಂದ ಅಂಚೆಪೆಟ್ಟಿಗೆಯವರೆಗೆ

ಅಂಚೆಗೆ ಹಾಕಿದ ಪತ್ರ ಮೊದಲು ವಿಂಗಡಣೆಯ ಯಂತ್ರಕ್ಕೆ ಸಿಗುತ್ತದೆ, ಆಮೇಲೆ ನೀವು ಯಾರಿಗೆ ಬರೆದಿರೋ ಅವರಿಗೆ. ಹಾಗಾಗಿ ಹೊರಗಿನ ಲಕೋಟೆ ಯಂತ್ರಕ್ಕೆ ಒಗ್ಗುವಂತಿರಲಿ, ಒಳಗಿರುವುದೆಲ್ಲ ಆ ಒಬ್ಬರಿಗಾಗಿಯೇ ಇರಲಿ. ಇವೆರಡನ್ನು ಬೆರೆಸಿದಾಗಲೇ ಎಷ್ಟೋ ಚೆಂದದ ಪತ್ರಗಳು ದಾರಿಯಲ್ಲಿ ಹರಿದುಹೋಗುವುದು.

ಹಾಳೆ, ಶಾಯಿ, ಗೆರೆ

ಪ್ರಿಂಟರಿಗೆ ಬಳಸುವ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಹಾಳೆ ಬಾಲ್ ಪೆನ್ನಿಗೆ ಸಾಕು. ಇಂಕ್ ಪೆನ್ನಾದರೆ ಶಾಯಿ ಕಾಗದದ ನಾರಿನಗುಂಟ ಹರಡಿ ಅಕ್ಷರದ ಅಂಚು ಜುಂಗುಜುಂಗಾಗುತ್ತದೆ, ಹಿಂಬದಿಗೂ ಇಳಿಯುತ್ತದೆ. 90ರಿಂದ 120 ಜಿಎಸ್‌ಎಂ ಹಾಳೆ ಮೇಲು. ಆದರೂ ದಪ್ಪವೊಂದನ್ನೇ ನಂಬಬೇಡಿ. ಶಾಯಿಯನ್ನು ತಡೆಯುವುದು ಕಾಗದ ತಯಾರಿಸುವಾಗ ಸೇರಿಸುವ ಅಂಟಿನಂಶ. ಅದು ಕಡಿಮೆಯಾದರೆ ದಪ್ಪ ಹಾಳೆಯೂ ಶಾಯಿ ಹೀರುತ್ತದೆ. ಪರೀಕ್ಷೆಗೆ ಹಾಳೆಯ ಮೂಲೆಯಲ್ಲಿ 'ಕ್ಷ', 'ಳ್ಳ', 'ಷ್ಟ್ರ' ಬರೆದು ನೋಡಿ. ಒಳಗಿನ ಬಿಳಿ ಜಾಗ ಮುಚ್ಚಿಹೋದರೆ ನಿಬ್ಬು ತೆಳುವಾಗಬೇಕು ಅಥವಾ ಹಾಳೆ ಬದಲಾಗಬೇಕು.

ಕನ್ನಡಕ್ಕೆ ಗೆರೆಗಳ ನಡುವೆ ಜಾಗ ಹೆಚ್ಚು ಬೇಕು. ಇಂಗ್ಲಿಷ್ ಬರಹಕ್ಕೆ ಸಾಕಾಗುವ 7 ಮಿ.ಮೀ. ಅಂತರದಲ್ಲಿ ಬರೆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಒಂದು ಹಾಳೆಯ ಮೇಲೆ ಕಪ್ಪು ಮಾರ್ಕರಿನಿಂದ 10 ಮಿ.ಮೀ.ಗೊಂದು ಗೆರೆ ಎಳೆದು, ಎಡಕ್ಕೆ 2 ಸೆಂ.ಮೀ. ಅಂಚು ಗುರುತು ಮಾಡಿಟ್ಟುಕೊಳ್ಳಿ. ಬರೆಯುವ ಹಾಳೆಯ ಕೆಳಗೆ ಇದನ್ನಿಟ್ಟರೆ 100 ಜಿಎಸ್‌ಎಂವರೆಗೂ ಗೆರೆ ಸಾಮಾನ್ಯವಾಗಿ ಕಾಣುತ್ತದೆ.

ಏನು ಬರೆಯುವುದು

ಖಾಲಿ ಹಾಳೆಯ ಮುಂದೆ ಕೂತು ಯೋಚಿಸುವುದು ಕಷ್ಟ. ಪತ್ರ ಬರೆಯುವ ಒಂದು ವಾರ ಮುಂಚಿನಿಂದಲೇ ಆ ವ್ಯಕ್ತಿಗೆ ಹೇಳಬೇಕೆನಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಎರಡೆರಡು ಪದಗಳಲ್ಲಿ ಗುರುತು ಹಾಕಿಕೊಳ್ಳಿ. ಐದಾರು ಸೇರಿದರೆ ಎರಡು ಪುಟ ತಾನಾಗಿ ತುಂಬುತ್ತದೆ.

ಮೇಲೆ ದಿನಾಂಕ ಇರಲಿ, ಹೊತ್ತೂ ಇರಲಿ. ಉಭಯಕುಶಲೋಪರಿ ಒಂದೇ ಸಾಲಿಗೆ ಮುಗಿಯಲಿ. ಮೊದಲು ಅವರ ಹಿಂದಿನ ಪತ್ರವನ್ನು ಎದುರಿಗಿಟ್ಟುಕೊಂಡು ಅವರು ಕೇಳಿದ್ದಕ್ಕೆ ಉತ್ತರಿಸಿ. ತಮ್ಮ ಮಾತು ಯಾರೋ ಓದಿದ್ದಾರೆ ಎಂಬ ಸಂತೋಷ ಪತ್ರದಲ್ಲಿ ಸಿಗುವಷ್ಟು ಬೇರೆಡೆ ಸಿಗುವುದಿಲ್ಲ. ಆಮೇಲೆ ನಿಮ್ಮ ಸುದ್ದಿ. 'ಇಲ್ಲಿ ಮಳೆ ಜೋರು' ಎನ್ನುವುದಕ್ಕಿಂತ 'ಈ ಸಾಲು ಬರೆಯುವಾಗ ಕಿಟಕಿಯಿಂದ ಇರಚಲು ಹೊಡೆದು ಹಾಳೆಯ ಮೂಲೆ ಒದ್ದೆಯಾಯಿತು' ಎನ್ನಿ. ಕೊನೆಗೆ ಅವರು ಹಿಡಿದುಕೊಂಡು ಉತ್ತರ ಬರೆಯಬಹುದಾದ ಒಂದು ಪ್ರಶ್ನೆ ಕೇಳಿ. ತಪ್ಪಾದ ಪದವನ್ನು ಒಂದೇ ಗೆರೆಯಿಂದ ಹೊಡೆದು ಮುಂದುವರಿಯಿರಿ. ಬಿಳಿ ತಿದ್ದುಶಾಯಿ ಮಡಿಕೆಯಲ್ಲಿ ಸಿಕ್ಕಿದರೆ ಉದುರುತ್ತದೆ, ಹೊಡೆದು ಹಾಕಿದ ಪದ ಕೈಯ ಗುರುತಾಗಿ ಉಳಿಯುತ್ತದೆ.

ಎ4 ಹಾಳೆಯಿಂದ ಲಕೋಟೆ

ಹಳೆಯ ನಕಾಶೆ, ಕ್ಯಾಲೆಂಡರ್ ಪುಟ, ಬಣ್ಣದ ಕಾಗದ ಯಾವುದಾದರೂ ಆಗುತ್ತದೆ. 80ರಿಂದ 120 ಜಿಎಸ್‌ಎಂ ಇದ್ದರೆ ಚೆನ್ನ. ಅದಕ್ಕಿಂತ ದಪ್ಪದ ಹೊಳಪು ಕಾಗದ ಮಡಿಸಿದಲ್ಲಿ ಬಿರಿಯುತ್ತದೆ.

ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಕತ್ತರಿಸಿ. ಉಳಿಯುವ 8.7 ಸೆಂ.ಮೀ. ಪಟ್ಟಿಯನ್ನು ಎಸೆಯಬೇಡಿ. ಚೌಕವನ್ನು ವಜ್ರಾಕಾರಕ್ಕೆ ತಿರುಗಿಸಿ, ನಟ್ಟನಡುವೆ 15.4 × 11 ಸೆಂ.ಮೀ. ಆಯತವನ್ನು ಪೆನ್ಸಿಲಿನಿಂದ ಗುರುತಿಸಿ. ಒಮ್ಮೆ ಮಡಿಸಿದ ಎ5 ಪತ್ರಕ್ಕೆ (14.8 × 10.5) ಇದರಲ್ಲಿ ತುಸು ಸಡಿಲ ಸಿಗುತ್ತದೆ. ಆ ಸಡಿಲವಿಲ್ಲದಿದ್ದರೆ ಪತ್ರ ಒಳಗೆ ಹೋಗುವಾಗಲೇ ಮೂಲೆ ಹರಿಯುತ್ತದೆ. ಗೆರೆಯ ಮೇಲೆ ಸ್ಕೇಲಿಟ್ಟು, ಬರೆಯದ ಬಾಲ್ ಪೆನ್ನಿನ ತುದಿಯಿಂದ ಒತ್ತಿ ಎಳೆದು ಮಡಿಸಿ. ನಾಲ್ಕು ಮೂಲೆಗಳಲ್ಲೂ ಎರಡು ಮಡಿಕೆಗೆರೆಗಳು ದಾಟುವಲ್ಲಿ ಸುಮಾರು 1.6 ಸೆಂ.ಮೀ. ಬದಿಯ ಪುಟ್ಟ ತ್ರಿಕೋನ ಉಳಿಯುತ್ತದೆ. ಅದನ್ನು ಕತ್ತರಿಸಿ ತೆಗೆಯದಿದ್ದರೆ ಅಲ್ಲಿ ಉಬ್ಬು ಬರುತ್ತದೆ. ಎಡಬಲದ ರೆಕ್ಕೆಗಳನ್ನು ಮೊದಲು ಒಳಕ್ಕೆ ಮಡಿಸಿ, ಕೆಳಗಿನ ರೆಕ್ಕೆಯ ಓರೆ ಅಂಚುಗಳಿಗಷ್ಟೇ ಅಂಟು ಹಚ್ಚಿ ಅವುಗಳ ಮೇಲೆ ಒತ್ತಿ. ಕಡ್ಡಿಯಂತಿರುವ ಗಟ್ಟಿ ಅಂಟು ಬಳಸಿ. ನೀರುಗೋಂದಿನಿಂದ ತೆಳು ಕಾಗದ ಸುಕ್ಕಾಗುತ್ತದೆ.

ಚಿತ್ರವಿರುವ ಲಕೋಟೆಯ ಮೇಲೆ ನೇರ ವಿಳಾಸ ಬರೆದರೆ ಓದಲಾಗದು. ಉಳಿದ ಪಟ್ಟಿಯ ಹಿಂಬದಿ ಬಿಳಿಯಾಗಿದ್ದರೆ ಅದರಿಂದ 8 × 4 ಸೆಂ.ಮೀ. ಚೀಟಿ ಕತ್ತರಿಸಿ ಅಂಟಿಸಿ. ವಿಳಾಸದ ಸುತ್ತ 1 ಸೆಂ.ಮೀ., ಲಕೋಟೆಯ ಕೆಳ ಅಂಚಿನಲ್ಲಿ 2 ಸೆಂ.ಮೀ. ಖಾಲಿ ಬಿಡಿ, ಯಂತ್ರಗಳು ಅನೇಕ ಕಡೆ ಅಲ್ಲೇ ಬಾರ್‌ಕೋಡ್ ಮುದ್ರಿಸುತ್ತವೆ. ಅಂಚೆಚೀಟಿಯ ಮೇಲೆ ಅಲಂಕಾರದ ಟೇಪು ಬೇಡವೇ ಬೇಡ. ವಿಳಾಸದ ಶಾಯಿ ನೀರಿಗೆ ಕರಗುವಂಥದ್ದಾದರೆ, ಒಣಗಿದ ಮೇಲೆ ಬಿಳಿ ಮೇಣದಬತ್ತಿಯನ್ನು ಅಕ್ಷರಗಳ ಮೇಲೆ ಮೆಲ್ಲನೆ ಉಜ್ಜಿ. ಅಂಚೆಚೀಟಿ ಹಚ್ಚುವ ಜಾಗಕ್ಕೆ ಮೇಣ ತಾಗಿಸಬೇಡಿ, ಅಂಟು ಹಿಡಿಯುವುದಿಲ್ಲ.

ಅರಗು, ಹೂವು, ತೂಕ

ಅರಗಿನ ಮುದ್ರೆ ಚೆಂದ, ಆದರೆ ಹಳೆಯ ಬಗೆಯ ಗಡುಸು ಅರಗು ಯಂತ್ರದ ಉರುಳೆಗಳ ನಡುವೆ ಪುಡಿಯಾಗುತ್ತದೆ. ಮುದ್ರೆ ಹಾಕಿದ ಲಕೋಟೆಯನ್ನು ಇನ್ನೊಂದು ಸಾದಾ ಲಕೋಟೆಯೊಳಗಿಟ್ಟು ಕಳಿಸುವುದೇ ಸರಿಯಾದ ದಾರಿ. ಅರಗನ್ನು ನೇರ ಜ್ವಾಲೆಗೆ ಹಿಡಿದರೆ ಮಸಿ ಸೇರಿ ಬಣ್ಣ ಕಪ್ಪಾಗುತ್ತದೆ, ಚಮಚದಲ್ಲಿ ಕರಗಿಸಿ. ಮುದ್ರೆಯ ಅಚ್ಚನ್ನು ಮೊದಲು ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಮಾಡಿ, ಒರೆಸಿ ಒತ್ತಿ. ಬಿಸಿ ಅಚ್ಚಿಗೆ ಅರಗು ಅಂಟಿಕೊಂಡು ಕಿತ್ತುಬರುತ್ತದೆ.

ಹೂವು ಇಡುವುದಾದರೆ ತೆಳು ಎಸಳಿನದನ್ನು ಆರಿಸಿ. ಹೀರುವ ಕಾಗದದ ನಡುವೆ, ಭಾರದ ಪುಸ್ತಕಗಳಡಿ ಎರಡು ಮೂರು ವಾರ ಇಡಿ. ಮೊದಲ ವಾರ ಎರಡು ದಿನಕ್ಕೊಮ್ಮೆ ಕಾಗದ ಬದಲಿಸಿ. ತೇವ ಉಳಿದರೆ ಕಂದಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೇರೆ ದೇಶಕ್ಕೆ ಹೂವು, ಎಲೆ, ಬೀಜ ಕಳಿಸಬೇಡಿ. ಸಸ್ಯರೋಗ ತಡೆಯುವ ನಿಯಮಗಳಡಿ ಪತ್ರವೇ ತಡೆದುಹೋಗಬಹುದು. ನಾಣ್ಯ, ಗುಂಡಿ, ಕ್ಲಿಪ್ಪುಗಳು ಯಂತ್ರದಲ್ಲಿ ಸಿಕ್ಕಿ ಲಕೋಟೆಯನ್ನೇ ಸೀಳುತ್ತವೆ. ಮಿಂಚುಪುಡಿ ಬಿಚ್ಚಿದವರ ಮಡಿಲಿಗೆ ಸುರಿಯುತ್ತದೆ.

ತೂಕದ ಲೆಕ್ಕ ಸುಲಭ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. 80 ಜಿಎಸ್‌ಎಂ ಆದರೆ 5 ಗ್ರಾಂ. ಹಲವು ದೇಶಗಳಲ್ಲಿ ಮೊದಲ ದರದ ಮಿತಿ 20 ಗ್ರಾಂ, ಅಂದರೆ ಲಕೋಟೆಯ ಜೊತೆಗೆ ಅಂಥ ಮೂರು ಹಾಳೆ. ಲಕೋಟೆ 5 ಮಿ.ಮೀ.ಗಿಂತ ಉಬ್ಬಿದ್ದರೆ ದರವೇ ಬದಲಾಗಬಹುದು; ಅಂಥದ್ದನ್ನು ಪೆಟ್ಟಿಗೆಗೆ ಹಾಕದೆ ಕೌಂಟರಿನಲ್ಲಿ ತೂಗಿಸಿ.

ಮುಚ್ಚುವ ಮುನ್ನ ಪತ್ರದ ಫೋಟೋ ತೆಗೆದಿಟ್ಟುಕೊಳ್ಳಿ. ಮೂರು ವಾರದ ನಂತರ ಉತ್ತರ ಬಂದಾಗ ಅವರು ಯಾವ ಮಾತಿಗೆ ನಕ್ಕಿದ್ದಾರೆಂದು ತಿಳಿಯಬೇಕಲ್ಲ. ಪತ್ರಗಳು ಆಗಾಗ ಹೋಗಿಬರುತ್ತಿದ್ದರೆ ಮೇಲ್ಮೂಲೆಯಲ್ಲಿ ಸಂಖ್ಯೆ ಹಾಕಿ. ನಿಮ್ಮ 7ನೆಯದೂ ಅವರ ಉತ್ತರವೂ ದಾರಿಯಲ್ಲಿ ಒಂದನ್ನೊಂದು ದಾಟಿದಾಗ, ಯಾವುದು ಯಾವುದಕ್ಕೆ ಉತ್ತರವೆಂದು ಇಬ್ಬರಿಗೂ ಗೊತ್ತಾಗುತ್ತದೆ.