ಚೀ ಬೈಶಿಯ ಚಿತ್ರಗಳನ್ನು ನೋಡೋದು ಹೇಗೆ

ಚೀನಾದ ಹೆಸರಾಂತ ಚಿತ್ರಕಾರ ಚೀ ಬೈಶಿಯ ಚಿತ್ರಪ್ರದರ್ಶನಕ್ಕೆ ಹೋದರೆ ಮೊದಲು ಗೋಡೆ ಮೇಲಿನ ಬರಹ ಓದಬೇಡಿ, ಸುಮ್ನೆ ಒಂದು ಸುತ್ತು ಹಾಕಿ. ಎಲೆಕೋಸು, ಮೂಲಂಗಿ, ಸಿಗಡಿ, ಕಪ್ಪೆ, ಮಿಡತೆ ಕಾಣುತ್ತವೆ. ಇಷ್ಟೇನಾ ಅನ್ನಿಸಬಹುದು. ಆದರೆ 1864ರಲ್ಲಿ ಹುನಾನ್ ಪ್ರಾಂತ್ಯದ ಶಿಯಾಂಗ್‌ಟಾನ್‌ನ ಬಡ ರೈತರ ಮನೆಯಲ್ಲಿ ಹುಟ್ಟಿ, ದನ ಕಾಯ್ದು, ಆಮೇಲೆ ಬಡಗಿ ಕೆಲಸ ಕಲಿತ ಹುಡುಗನ ಪ್ರಪಂಚವೇ ಅದು. ಬೀಜಿಂಗ್‌ನಲ್ಲಿ ನೆಲೆಸಿ ಹೆಸರು ಮಾಡಿದ ಮೇಲೂ ಅವರು ಅದನ್ನು ಬಿಡಲಿಲ್ಲ.

ಈಗ ಸಿಗಡಿ ಚಿತ್ರದ ಹತ್ತಿರ ಹೋಗಿ. ಜಾಸ್ತಿ ಹೊತ್ತು ಇಲ್ಲೇ ನಿಲ್ಲಿ. ಮೈಗೆ ತಿಳಿ ಮಸಿ, ತಲೆಯಲ್ಲಿ ಒಂದೇ ಒಂದು ಕಡುಕಪ್ಪು ಗೀಟು, ಅದು ಒದ್ದೆ ಕಾಗದದಲ್ಲಿ ಸ್ವಲ್ಪ ಹರಡಿ ಮೈಯೆಲ್ಲ ಪಾರದರ್ಶಕ ಅನ್ನಿಸುತ್ತೆ. ನೀರನ್ನು ಅವರು ಬರೆದೇ ಇಲ್ಲ, ಆದರೂ ನೀರು ಕಾಣುತ್ತೆ, ಅಲ್ವಾ? ಮೇಜಿನ ಮೇಲೆ ಬಟ್ಟಲಲ್ಲಿ ಸಿಗಡಿ ಸಾಕಿ ಅವು ಈಜೋದನ್ನು ನೋಡುತ್ತಿದ್ದರಂತೆ.

ಹುಳುಗಳ ಚಿತ್ರಕ್ಕೆ ಬಗ್ಗಿ ನೋಡಿ. ಎಲೆಗಳು ದಪ್ಪ ಕುಂಚದ ಒರಟು ಬೀಸು, ಪಕ್ಕದ ಮಿಡತೆಯ ಕಾಲಿನ ಮುಳ್ಳು ಮಾತ್ರ ಕೂದಲೆಳೆಯಷ್ಟು ಸಣ್ಣ.

ಚಿತ್ರದೊಳಗೇ ಬರಹವಿದ್ದರೆ ಅದನ್ನು ಮೇಲಿಂದ ಕೆಳಗೆ, ಬಲದಿಂದ ಎಡಕ್ಕೆ ಓದಬೇಕು. ಸಹಿಯಂತೆ ಒತ್ತಿದ ಕೆಂಪು ಮುದ್ರೆಯನ್ನೂ ಬಿಡಬೇಡಿ, ಮುದ್ರೆ ಕೆತ್ತೋದರಲ್ಲೂ ಅವರದು ದೊಡ್ಡ ಹೆಸರು.

1951ರಲ್ಲಿ ಲೇಖಕ ಲಾವೋ ಷೆಗಾಗಿ ಬರೆದ ಕಪ್ಪೆಯ ಕೂಗಿನ ಚಿತ್ರದ ಮುದ್ರಿತ ಪ್ರತಿಯಾದರೂ ಹುಡುಕಿ ನೋಡಿ. ಅದರಲ್ಲಿ ಕಪ್ಪೆಯೇ ಇಲ್ಲ. ಬಂಡೆಗಳ ನಡುವೆ ಹರಿಯುವ ತೊರೆ, ಅದರಲ್ಲಿ ಕೆಲವು ಗೊದಮೊಟ್ಟೆಗಳು, ಅಷ್ಟೇ.