ಸಂಗಾತಿ ಕೊಲಂಬಿಯಾದಲ್ಲಿ, ನೀವು ಕರ್ನಾಟಕದಲ್ಲಿ: ನೋಡಲು ಹೋಗುವುದು ಹೇಗೆ?

ಭಾರತದಿಂದ ಕೊಲಂಬಿಯಾಕ್ಕೆ ನೇರ ವಿಮಾನ ಇಲ್ಲ. ಮನೆ ಬಿಟ್ಟು ಅಲ್ಲಿನ ರಾಜಧಾನಿ ಬೊಗೊಟಾ ಮುಟ್ಟುವಷ್ಟರಲ್ಲಿ ಒಂದೂವರೆ ದಿನ ಹೋಗಿರುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 8 ಗಂಟೆ ಆದಾಗ ಅಲ್ಲಿ ಹಿಂದಿನ ರಾತ್ರಿ 9.30. ಓದುವಾಗಲೋ ಒಂದೇ ಪ್ರಾಜೆಕ್ಟಿನಲ್ಲಿ ದುಡಿಯುವಾಗಲೋ ಪರಿಚಯವಾಗಿ, ಈಗ ವಾಟ್ಸಾಪಿನಲ್ಲೇ ದಿನ ದೂಡುತ್ತಿರುವ ಜೋಡಿಗಳಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ತಲೆಕೆಡುವುದು ಹೊರಡುವ ಮಾತು ಬಂದಾಗ. ಸಾಮಾನ್ಯವಾಗಿ ಎಲ್ಲರೂ ಮೊದಲು ಅಗ್ಗದ ಟಿಕೆಟ್ ಹುಡುಕಲು ಕೂರುತ್ತಾರೆ. ಟಿಕೆಟ್ ಕೊನೆಗೆ ಇರಲಿ. ಅದಕ್ಕೂ ಮೊದಲು ಸರಿಯಾದ ಕ್ರಮದಲ್ಲಿ ಮುಗಿಸಬೇಕಾದ ಕೆಲಸಗಳಿವೆ.

ಮೊದಲು: ಯಾರು ಯಾರ ಬಳಿ ಹೋಗಬೇಕು?

ಒಪ್ಪಿಕೊಳ್ಳೋಣ, ಪಾಸ್‌ಪೋರ್ಟ್ ವಿಷಯದಲ್ಲಿ ಅವರ ಕೈ ಮೇಲು. ಕೊಲಂಬಿಯಾದವರಿಗೆ 2015ರ ಡಿಸೆಂಬರಿನಿಂದ ಯುರೋಪಿನ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಸಣ್ಣ ಪ್ರವಾಸಕ್ಕೆ ವೀಸಾ ಬೇಕಿಲ್ಲ. ಭಾರತಕ್ಕೆ ಬರಲು ಆನ್‌ಲೈನ್ ಇ-ವೀಸಾ ಸಿಗುತ್ತದೆ. ನಮಗೆ ಯುರೋಪಿಗೂ ವೀಸಾ ಬೇಕು, ಕೊಲಂಬಿಯಾಕ್ಕೂ ಬೇಕು. ಹಾಗಾಗಿ ಅವರು ಇಲ್ಲಿಗೆ ಬರುವುದು ಸುಲಭ. ಆದರೆ ರಜೆ ನೋಡಬೇಕಲ್ಲ? ಅಲ್ಲಿನ ಕಾನೂನಿನ ಪ್ರಕಾರ ನೌಕರರಿಗೆ ವರ್ಷಕ್ಕೆ 15 ಕೆಲಸದ ದಿನ ರಜೆ. ಹೋಗಿಬರುವುದಕ್ಕೇ ಮೂರು ದಿನ ಕಳೆದರೆ ಉಳಿಯುವುದೆಷ್ಟು?

ನಡುವೆ ಎಲ್ಲಾದರೂ ಸೇರೋಣ ಅಂದರೆ ಸ್ಪೇನಿನ ಮ್ಯಾಡ್ರಿಡ್ ಚೆನ್ನಾಗಿ ಹೊಂದುತ್ತದೆ. ಬೊಗೊಟಾದಿಂದ ನೇರ ವಿಮಾನ ಇದೆ, ಭಾಷೆಯೂ ಅವರದೇ. ನಿಮಗೆ ಮಾತ್ರ ಷೆಂಗೆನ್ ವೀಸಾ ಬೇಕು. ಆದರೂ ಒಂದು ಸಲವಾದರೂ ಒಬ್ಬರ ಮನೆ ಇನ್ನೊಬ್ಬರು ನೋಡಲೇಬೇಕು. ಪ್ರವಾಸದಲ್ಲಿ ಎಲ್ಲರೂ ಒಳ್ಳೆಯವರೇ. ಬೆಳಿಗ್ಗೆ ಎದ್ದು ಕೆಲಸಕ್ಕೆ ಓಡುವ, ಅಮ್ಮನ ಜೊತೆ ಜಗಳ ಆಡುವ ಮನುಷ್ಯ ಸಿಗುವುದು ಮನೆಯಲ್ಲಿ ಮಾತ್ರ.

ಇಬ್ಬರ ಪರಿಚಯ ಆನ್‌ಲೈನಿನಲ್ಲೇ ಆಗಿದ್ದು, ಇನ್ನೂ ಮುಖಾಮುಖಿ ಭೇಟಿ ಆಗಿಲ್ಲದಿದ್ದರೆ ಹುಷಾರು. ವಿಡಿಯೊ ಕಾಲ್ ತಪ್ಪಿಸುವವರು, ಆಸ್ಪತ್ರೆ ಖರ್ಚು ಅಂತ ದುಡ್ಡು ಕೇಳುವವರು ಇದ್ದರೆ ಪ್ರಯಾಣದ ಯೋಚನೆಯನ್ನೇ ಬಿಡಿ. ಎಲ್ಲ ಸರಿ ಇದ್ದರೂ ಮೊದಲ ಎರಡು ಮೂರು ರಾತ್ರಿಗೆ ನಿಮ್ಮದೇ ಹೆಸರಿನಲ್ಲಿ ರೂಮು ಇರಲಿ. ವಿಳಾಸ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಪಾಸ್‌ಪೋರ್ಟಿನ ಹೆಸರು ನೋಡಿ

ಇದು ನಮ್ಮ ಕಡೆಯವರದೇ ತಲೆನೋವು. ಪಾಸ್‌ಪೋರ್ಟ್ ತೆಗೆದು ನೋಡಿ. ‘ಮಂಜುನಾಥ ಕೆ ಎಸ್’ ಅಂತ ಪೂರ್ತಿ ಹೆಸರು ಒಂದೇ ಖಾನೆಯಲ್ಲಿದ್ದು, ಸರ್‌ನೇಮ್ ಖಾನೆ ಖಾಲಿ ಇದೆಯಾ? ನಮ್ಮಲ್ಲಿ ಎಷ್ಟೋ ಜನರದ್ದು ಹೀಗೇ. ಕೊಲಂಬಿಯಾದಲ್ಲಿ ಸಾಮಾನ್ಯವಾಗಿ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಎರಡು ಮನೆತನದ ಹೆಸರು ಇಟ್ಟುಕೊಳ್ಳುತ್ತಾರೆ. ಒಂದೂ ಇಲ್ಲದವರನ್ನು ಕಂಡರೆ ಅಲ್ಲಿಯವರಿಗೆ ಆಶ್ಚರ್ಯ. ಆಶ್ಚರ್ಯ ಬಿಡಿ, ಏರ್‌ಲೈನ್ ಜಾಲತಾಣವೂ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ. ಆಗ ಒಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಇನಿಷಿಯಲ್ ತುಂಬುತ್ತಾರೆ. ವೀಸಾದಲ್ಲಿ ಒಂದು ಥರ, ಟಿಕೆಟಿನಲ್ಲಿ ಇನ್ನೊಂದು ಥರ ಆಗಿ, ಚೆಕ್-ಇನ್ ಕೌಂಟರಿನಲ್ಲಿ ಹುಡುಗಿ ಮೇಲ್ವಿಚಾರಕರನ್ನು ಕರೆಯುವ ಹೊತ್ತಿಗೆ ನಿಮಗೆ ಬೆವರು.

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಖಾನೆಗೆ ಹಂಚಿಸಿಕೊಳ್ಳಿ. ಈ ಕೆಲಸ ಯಾವ ವೀಸಾಕ್ಕೂ ಮೊದಲು ಆಗಬೇಕು. ವೀಸಾ ಬಂದ ಮೇಲೆ ಹೆಸರು ಬದಲಿಸಿದರೆ ಕೆಲಸ ಎರಡರಷ್ಟು.

ವೀಸಾ: ಎರಡು ದಾರಿ

ಅಮೆರಿಕದ ಅಥವಾ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಕೊಲಂಬಿಯಾ ಪ್ರವಾಸಿ ವೀಸಾ ಕೇಳುವುದಿಲ್ಲ. ಇದು ಮೊದಲ ದಾರಿ. ಷರತ್ತು ಒಂದಿದೆ: ಕೊಲಂಬಿಯಾಕ್ಕೆ ಕಾಲಿಡುವ ದಿನ ಆ ವೀಸಾಕ್ಕೆ ಇನ್ನೂ 180 ದಿನ ಆಯಸ್ಸು ಇರಬೇಕು. ಟಿಕೆಟ್ ಕೊಂಡ ದಿನದಿಂದ ಎಣಿಸಬೇಡಿ, ಇಳಿಯುವ ದಿನದಿಂದ ಎಣಿಸಿ. ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ, ಹತ್ತು ವರ್ಷದ ಅಮೆರಿಕ ಪ್ರವಾಸಿ ವೀಸಾ ಇರುವವರಿಗೆ ಇದು ವರ. ಷೆಂಗೆನ್ ವೀಸಾದವರು ಜಾಸ್ತಿ ಖುಷಿಪಡಬೇಕಿಲ್ಲ. ಮೊದಲ ಸಲ ಕೊಡುವ ವೀಸಾ ಸಾಮಾನ್ಯವಾಗಿ ಪ್ರವಾಸದ ದಿನಗಳಿಗಷ್ಟೇ ಇರುತ್ತದೆ, 180 ದಿನ ಎಲ್ಲಿಂದ ಬರಬೇಕು? ಆದರೆ 2024ರ ಏಪ್ರಿಲಿನಲ್ಲಿ ಯುರೋಪಿನವರು ಭಾರತೀಯರಿಗಾಗಿ ನಿಯಮ ಸಡಿಲಿಸಿದರು. ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ ವೀಸಾ ಸಿಗುತ್ತದೆ, ಅದಾದ ಮೇಲೆ ಐದು ವರ್ಷದ್ದು. ಮ್ಯಾಡ್ರಿಡ್ ಭೇಟಿಗಳು ಹೀಗೆ ಮುಂದೆ ಬೊಗೊಟಾದ ಬಾಗಿಲನ್ನೂ ತೆಗೆಯುತ್ತವೆ.

ಇವೆರಡೂ ಇಲ್ಲದವರಿಗೆ ಎರಡನೇ ದಾರಿ. ಕೊಲಂಬಿಯಾ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ಸಂದರ್ಶಕರ ವೀಸಾಕ್ಕೆ ಅರ್ಜಿ ಹಾಕಬೇಕು. ಇದನ್ನು ‘ವಿ’ ವೀಸಾ ಅನ್ನುತ್ತಾರೆ. ದಾಖಲೆಗಳ ಸ್ಕ್ಯಾನ್ ಪ್ರತಿ ಹಾಕಿ, ಶುಲ್ಕ ಕಟ್ಟಿ ಕಾಯಬೇಕು. ಒಂದು ತಿಂಗಳು ಹಿಡಿಯಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ಅವರ ರಾಯಭಾರ ಕಚೇರಿ ಇರುವುದು ದೆಹಲಿಯಲ್ಲಿ.

ಗೆಳೆಯ, ಗೆಳತಿ ಅಂತ ಪ್ರತ್ಯೇಕ ವೀಸಾ ಇಲ್ಲ. ಪ್ರವಾಸಿ ಅಂತಲೇ ಅರ್ಜಿ ಹಾಕಬೇಕು. ಹಾಗಂತ ಸಂಬಂಧ ಮುಚ್ಚಿಡಲು ಹೋಗಬೇಡಿ. ಸಂಗಾತಿಯಿಂದ ಒಂದು ಆಹ್ವಾನ ಪತ್ರ ಬರೆಸಿ. ಎಲ್ಲಿ ಉಳಿಯುತ್ತೀರಿ, ಎಷ್ಟು ದಿನ, ಖರ್ಚು ಯಾರದು ಅನ್ನುವುದು ಸ್ಪಷ್ಟ ಇರಲಿ. ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿ ಇರಲಿ. ನಿಮ್ಮ ಕಡೆಯಿಂದ ಸಂಬಳದ ಚೀಟಿ, ಕಚೇರಿಯ ರಜೆ ಪತ್ರ, ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಅರ್ಜಿಯ ಹಿಂದಿನ ವಾರ ಮಾವನ ಖಾತೆಯಿಂದ ಮೂರು ಲಕ್ಷ ಬಂದು ಬಿದ್ದಿದ್ದರೆ ಯಾವ ವೀಸಾ ಅಧಿಕಾರಿಗೂ ಅದು ಕಣ್ಣಿಗೆ ಬೀಳುತ್ತದೆ. ವಿಮಾನ, ಹೋಟೆಲ್ ಬುಕಿಂಗ್ ತೋರಿಸಬೇಕಾದರೆ ರದ್ದು ಮಾಡಬಹುದಾದದ್ದನ್ನೇ ಮಾಡಿ.

ಹಳದಿ ಜ್ವರದ ಲಸಿಕೆ

ಇದನ್ನು ಮರೆತವರಿಗೆ ತೊಂದರೆ ಆಗುವುದು ಹೋಗುವಾಗ ಅಲ್ಲ, ವಾಪಸ್ ಬರುವಾಗ. ಕೊಲಂಬಿಯಾ ಹಳದಿ ಜ್ವರ (ಯೆಲ್ಲೋ ಫೀವರ್) ಇರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದವರು ಲಸಿಕೆಯ ಹಳದಿ ಕಾರ್ಡ್ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತದ ಪಾಸ್‌ಪೋರ್ಟ್ ಇದ್ದರೂ ಇದೇ ನಿಯಮ.

ಇಷ್ಟು ಬಿಗಿ ಯಾಕೆ? ನಮ್ಮಲ್ಲಿ ಈ ರೋಗ ಇಲ್ಲ, ಆದರೆ ಹರಡುವ ಸೊಳ್ಳೆ ಇದೆ. ಡೆಂಗಿ ಹರಡುವ ಅದೇ ಈಡಿಸ್ ಸೊಳ್ಳೆ. ಸೋಂಕು ಇರುವ ಒಬ್ಬರು ಬಂದಿಳಿದರೂ ಸಾಕು. ಬೊಗೊಟಾದ ಎತ್ತರದಲ್ಲಿ ಈ ಜ್ವರ ಹಬ್ಬುವುದಿಲ್ಲ, ನಿಜ. ಆದರೆ ನಿಯಮ ಊರು ನೋಡುವುದಿಲ್ಲ, ದೇಶ ನೋಡುತ್ತದೆ. ತೋಲಿಮಾ ಪ್ರಾಂತ್ಯದಲ್ಲಿ ಪ್ರಕರಣ ಹೆಚ್ಚಿ, 2025ರ ಏಪ್ರಿಲಿನಲ್ಲಿ ಕೊಲಂಬಿಯಾ ಸರ್ಕಾರವೇ ಆರೋಗ್ಯ ತುರ್ತುಸ್ಥಿತಿ ಘೋಷಿಸಿತ್ತು.

ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಲಸಿಕೆ ಹಾಕಿಸಬೇಕು, ಪಕ್ಕದ ಕ್ಲಿನಿಕ್ಕಿನಲ್ಲಿ ಅಲ್ಲ. ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ. ಕಾರ್ಡ್ ಚಾಲ್ತಿಗೆ ಬರುವುದು ಲಸಿಕೆ ಹಾಕಿಸಿದ 10 ದಿನದ ನಂತರ. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ನಡೆಯುತ್ತದೆ. ವಯಸ್ಸು 60 ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಿ. ಸಂಗಾತಿ ಇಲ್ಲಿಗೆ ಬರುವಾಗಲೂ ಈ ಕಾರ್ಡ್ ಬೇಕು. ಈಗಲೇ ಮೆಸೇಜ್ ಹಾಕಿಬಿಡಿ.

ಈಗ ಟಿಕೆಟ್

ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಇಸ್ತಾಂಬುಲ್. ಇವುಗಳಲ್ಲಿ ಒಂದು ಕಡೆ ವಿಮಾನ ಬದಲಿಸಿ ಬೊಗೊಟಾಕ್ಕೆ ಹೋಗುವುದು ಸಾಮಾನ್ಯ ದಾರಿ. ಅಮೆರಿಕದ ಮೂಲಕ ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ಆ ದೇಶದ ವೀಸಾ ಇಲ್ಲದವರು ಮುಟ್ಟಬೇಡಿ. ಅಲ್ಲಿ ಸುಮ್ನೆ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಯುರೋಪಿನ ಕೆಲವು ದೇಶಗಳೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಈ ನಿಯಮ ಆಗಾಗ ಬದಲಾಗುತ್ತದೆ. ದುಡ್ಡು ಕಟ್ಟುವ ಮುಂಚೆ ಆಯಾ ದೇಶದ ಜಾಲತಾಣದಲ್ಲೇ ನೋಡಿ. ಎರಡು ಬೇರೆ ಬೇರೆ ಟಿಕೆಟ್ ಜೋಡಿಸುವ ಜಾಣತನ ಬೇಡ. ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಲು ಆ ದೇಶದೊಳಗೆ ಹೋಗಬೇಕಾಗುತ್ತದೆ, ಅಂದರೆ ಮತ್ತೆ ವೀಸಾ.

ಡಿಸೆಂಬರಿನಲ್ಲಿ ದರ ಗಗನಕ್ಕೆ. ಕ್ರಿಸ್ಮಸ್‌ಗೆ ಮುಂಚಿನ 9 ದಿನ ಅಲ್ಲಿ ಮನೆಮನೆಯಲ್ಲೂ ಪ್ರಾರ್ಥನೆ, ಹಾಡು, ತಿಂಡಿ. ಕುಟುಂಬವನ್ನು ನೋಡಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಪ್ರೇಮಿಗಳ ದಿನಕ್ಕೆ ಹೋಗುವ ಆಸೆ ಇದ್ದರೆ ಫೆಬ್ರವರಿ 14 ನೋಡಬೇಡಿ. ಅಲ್ಲಿ ಪ್ರೀತಿ-ಸ್ನೇಹದ ದಿನ ಆಚರಿಸುವುದು ಸೆಪ್ಟೆಂಬರಿನ ಒಂದು ಶನಿವಾರ, ಹೆಚ್ಚಾಗಿ ಮೂರನೆಯದು. ಫೆಬ್ರವರಿಯಲ್ಲಿ ಹೂ ಕಳಿಸಿ, ಸೆಪ್ಟೆಂಬರಿನಲ್ಲಿ ಮರೆತು ಬೈಸಿಕೊಳ್ಳಬೇಡಿ.

ಹೊರಡುವ 72 ಗಂಟೆಯೊಳಗೆ ‘ಚೆಕ್-ಮಿಗ್’ ಅನ್ನುವ ವಲಸೆ ಇಲಾಖೆಯ ಫಾರಂ ಆನ್‌ಲೈನಿನಲ್ಲಿ ತುಂಬಿ. ಅದು ಉಚಿತ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ನಕಲಿ. ವಾಪಸ್ ಟಿಕೆಟಿನ ಪ್ರತಿ, ಉಳಿಯುವ ವಿಳಾಸ, ಸಂಗಾತಿಯ ನಂಬರು ಕಾಗದದಲ್ಲಿ ಬರೆದು ಕೈಯಲ್ಲಿರಲಿ. ಫೋನ್ ಚಾರ್ಜ್ ಖಾಲಿಯಾಗುವುದು ಸರಿಯಾಗಿ ಇಮಿಗ್ರೇಷನ್ ಸಾಲಿನಲ್ಲೇ.

ಇಳಿದ ಮೇಲೆ

ಬೊಗೊಟಾ ಇರುವುದು 2,600 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಆಸುಪಾಸು ಅಂದರೆ ಅಂದಾಜು ಸಿಗುತ್ತದೆ. ಮೊದಲ ದಿನ ತಲೆನೋವು, ಏದುಸಿರು ಬಂದರೆ ಗಾಬರಿ ಬೇಡ. ನೀರು ಜಾಸ್ತಿ ಕುಡಿಯಿರಿ, ಅವತ್ತೇ ಬೆಟ್ಟ ಹತ್ತುವ ಪ್ಲಾನ್ ಬೇಡ. ವರ್ಷವಿಡೀ ಸ್ವೆಟರ್ ಬೇಕು. ಮೆಡೆಯೀನ್ ನಗರ ಹಿತವಾಗಿರುತ್ತದೆ, ಕರಾವಳಿಯ ಕಾರ್ತಹೇನಾ ಸೆಕೆ. ಪ್ಲಗ್ ಅಮೆರಿಕದ ಥರದ್ದು, ವೋಲ್ಟೇಜ್ 110. ಫೋನ್ ಚಾರ್ಜರ್ ನಡೆಯುತ್ತದೆ, ಮಿಕ್ಸಿ ನಡೆಯುವುದಿಲ್ಲ.

50,000 ಪೆಸೊ ನೋಟು ನೋಡಿ ಹೌಹಾರಬೇಡಿ, ಅದು ನಮ್ಮ ಸಾವಿರ ಚಿಲ್ಲರೆ ರೂಪಾಯಿ. ರಸ್ತೆಯಲ್ಲಿ ಫೋನ್ ಹಿಡಿದು ನಿಂತರೆ ಕಿತ್ತುಕೊಂಡು ಹೋಗುವವರಿದ್ದಾರೆ. ಅಪರಿಚಿತರು ಕೊಟ್ಟದ್ದನ್ನು ಕುಡಿಯಬೇಡಿ, ಅಮಲು ಬರಿಸುವ ಔಷಧ ಬೆರೆಸಿ ದೋಚುವುದು ಅಲ್ಲಿ ನಿಜಕ್ಕೂ ನಡೆಯುತ್ತದೆ. ಆ್ಯಪ್‌ನಲ್ಲಿ ಕರೆಸಿದ ಕಾರಿನ ಚಾಲಕ ಮುಂದಿನ ಸೀಟಿನಲ್ಲಿ ಕೂರಲು ಹೇಳಿದರೆ ಅನುಮಾನ ಬೇಡ. ಅಲ್ಲಿ ಅಂಥ ಟ್ಯಾಕ್ಸಿಗಳ ಕಾನೂನು ಗೊಂದಲ ಮುಗಿದಿಲ್ಲ, ಸ್ನೇಹಿತರಂತೆ ಕಾಣಲಿ ಅಂತ ಹಾಗೆ ಕೂರಿಸುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸ ತಿನ್ನುವುದಿಲ್ಲ ಅಂದರೆ ಕೋಳಿ ತಂದಿಡಬಹುದು. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಸೂಪಿಗೂ ಬೇಡ ಅಂತ ಒಂದೊಂದೇ ಹೇಳಬೇಕು. ಸಂಗಾತಿಯ ಅಮ್ಮನಿಗೆ ಇದನ್ನು ಮೊದಲೇ ತಿಳಿಸಿದರೆ ಅವರಿಗೂ ಮುಜುಗರ ಇಲ್ಲ. ಜೋಳದ ಅರೇಪಾ, ಬಾಳೆಕಾಯಿ ಚಪ್ಪಟೆ ಮಾಡಿ ಕರಿದ ಪಟಕೋನ್, ಅನ್ನ, ಕಾಳುಪಲ್ಯ ಸಿಗುತ್ತವೆ. ಕಾಳಿನಲ್ಲಿ ಹಂದಿಮಾಂಸ ಹಾಕಿಲ್ಲ ತಾನೇ ಅಂತ ಕೇಳಿ. ಬೆಲ್ಲದ ವಿಷಯದಲ್ಲಿ ಮಾತ್ರ ಮನೆಯಲ್ಲೇ ಇದ್ದಂತೆ. ಪ್ರಪಂಚದಲ್ಲಿ ಭಾರತ ಬಿಟ್ಟರೆ ಬೆಲ್ಲ ಜಾಸ್ತಿ ಮಾಡುವುದು ಅವರೇ. ಬೆಳಿಗ್ಗೆ ಬಿಸಿ ಬೆಲ್ಲದ ನೀರು ಕೊಡುತ್ತಾರೆ, ಅದರೊಳಗೆ ಚೀಸ್ ತುಂಡು ಮುಳುಗಿಸಿ, ಮೆತ್ತಗಾದ ಮೇಲೆ ಚಮಚದಲ್ಲಿ ಎತ್ತಿ ತಿನ್ನುತ್ತಾರೆ. ಮೊದಲು ವಿಚಿತ್ರ ಅನ್ನಿಸುತ್ತದೆ, ಎರಡನೇ ಲೋಟ ನೀವೇ ಕೇಳುತ್ತೀರಿ.

ಮನೆಗೆ ಹೋದಾಗ ಕೋಣೆಯಲ್ಲಿ ಇರುವ ಒಬ್ಬೊಬ್ಬರನ್ನೂ ಮಾತಾಡಿಸಬೇಕು. ಹೆಂಗಸರು ಕೆನ್ನೆಗೆ ಕೆನ್ನೆ ತಾಗಿಸಿ ಸ್ವಾಗತಿಸುತ್ತಾರೆ, ಗಂಡಸರು ಕೈ ಕುಲುಕುತ್ತಾರೆ. ದೂರದಿಂದ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹಾಕಿ ಕೂತರೆ ಬಿಗುಮಾನ ಅಂದುಕೊಳ್ಳುತ್ತಾರೆ. ಅಂಗಡಿಯಾಕೆ ನಿಮ್ಮವನನ್ನು ‘ಮಿ ಆಮೋರ್’ (ನನ್ನ ಪ್ರೀತಿಯೇ) ಅಂತ ಕರೆದರೆ ಹೊಟ್ಟೆ ಉರಿಸಿಕೊಳ್ಳಬೇಡಿ, ಚಿಲ್ಲರೆ ಕೊಡುವಾಗ ನಿಮಗೂ ಅದನ್ನೇ ಹೇಳುತ್ತಾರೆ. ಮಲಗುವುದು ಒಂದೇ ಕೋಣೆಯಲ್ಲೋ ಬೇರೆಯೋ ಅನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅಲ್ಲೂ ಸಂಪ್ರದಾಯಸ್ಥ ಮನೆಗಳಿವೆ.

ವಾಪಸ್ ಬರುವಾಗ ಯಾರ ಪಾರ್ಸೆಲ್ಲನ್ನೂ ಹಿಡಿಯಬೇಡಿ. ಕೋಕಾ ಎಲೆಯ ಟೀ ಪೊಟ್ಟಣ ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಭಾರತದಲ್ಲಿ ಕೋಕಾ ಎಲೆ 1985ರ ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ. ನೆನಪಿಗೆ ಅಂತ ಒಂದು ಪೊಟ್ಟಣವೂ ಬೇಡ. ಕಾಫಿ ತನ್ನಿ.

ಅವರು ಇಲ್ಲಿಗೆ ಬಂದರೆ

ಇ-ವೀಸಾ, ಹಳದಿ ಕಾರ್ಡ್ ಇದ್ದರೆ ಬೆಂಗಳೂರಿನಲ್ಲೇ ಇಳಿಯಬಹುದು. ಹೋಟೆಲಿನಲ್ಲಿ ಉಳಿದರೆ ಮಾಹಿತಿ ಅವರೇ ಕಳಿಸುತ್ತಾರೆ. ನಿಮ್ಮ ಮನೆಯಲ್ಲಿ ಉಳಿದರೆ, ‘ಸಿ ಫಾರಂ’ ಅಂತ ಎಲ್ಲರೂ ಕರೆಯುವ ಮಾಹಿತಿಯನ್ನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಕೊಡುವುದು ಮನೆಯವರ ಹೊಣೆ. ಅಪ್ಪ-ಅಮ್ಮನ ಮನೆಗೆ ಕರೆದುಕೊಂಡು ಹೋದರೆ ಅಲ್ಲಿಂದಲೂ ಕೊಡಬೇಕು. ಪ್ರೀತಿಯ ವಿಷಯ ಹಳ್ಳಿಯಲ್ಲಿ ಗುಟ್ಟಾಗಿ ಉಳಿಯುತ್ತದೆ ಅನ್ನುವ ಭ್ರಮೆ ಇದ್ದರೆ ಅದೂ ಮುಗಿಯಿತು.

ಮದುವೆಯ ಯೋಚನೆ ಇರುವವರು 30 ದಿನದ ಇ-ವೀಸಾ ತೆಗೆಸಲೇಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಅವಧಿಯೇ 30 ದಿನ, ಆ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರು ಅದಕ್ಕೂ ಮುಂಚೆ 30 ದಿನ ವಾಸ ಇರಬೇಕು. ಅಲ್ಲಿ ಹೋಗಿ ಮದುವೆ ಆಗುವುದಾದರೆ ಜನನ ಪ್ರಮಾಣಪತ್ರ, ಅವಿವಾಹಿತ ಅನ್ನುವ ಪತ್ರ ಎರಡಕ್ಕೂ ಅಪೋಸ್ಟಿಲ್ ಮುದ್ರೆ (ದಾಖಲೆ ಅಸಲಿ ಅಂತ ವಿದೇಶಕ್ಕೆ ದೃಢಪಡಿಸುವ ಮುದ್ರೆ) ಹಾಕಿಸಿ, ಅಧಿಕೃತ ಅನುವಾದಕರಿಂದ ಸ್ಪ್ಯಾನಿಷಿಗೆ ಮಾಡಿಸಿ. ಸಲಿಂಗ ಜೋಡಿಗಳಿಗೆ 2016ರಿಂದ ಕೊಲಂಬಿಯಾದಲ್ಲಿ ಮದುವೆಯ ಹಕ್ಕಿದೆ, ಆದರೆ ಭಾರತದಲ್ಲಿ ಆ ಮದುವೆಗೆ ಮಾನ್ಯತೆ ಇಲ್ಲ. ಉಳಿದವರಿಗೆ, ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದರೆ ವಿದೇಶಿ ಸಂಗಾತಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಬಂದ ಮೇಲೆ ಅವರಿಗೆ ಭಾರತದ ವೀಸಾದ ರಗಳೆ ಇಲ್ಲ. ನಿಮಗೆ ಕೊಲಂಬಿಯಾದ್ದು ಬೇಕಾದರೆ, ಮದುವೆಯಾದವರಿಗೆ ಅಂತಲೇ ‘ಎಮ್’ ವೀಸಾ ಇದೆ.