ಮಂಡಿ ತಿರುಚಿದರೆ ಮೊದಲ ಎರಡು ದಿನ ಏನು ಮಾಡಬೇಕು?

ಆಲ್ದೂರಿನ ಹತ್ತಿರ ನಮ್ಮದು ಇಳಿಜಾರಿನ ಕಾಫಿ ತೋಟ. ಮೂರು ವರ್ಷದ ಹಿಂದೆ ಅರೇಬಿಕಾ ಕುಯ್ಲಿನಲ್ಲಿ ಚೀಲ ಹೊತ್ತು ಇಳಿಯುವಾಗ ತರಗೆಲೆ ಮೇಲೆ ಜಾರಿದೆ. ಪಾದ ಬೇರಿನ ಸಂದಿಗೆ ಸಿಕ್ಕಿತು, ಮೈ ತಿರುಗಿತು. ಸಂಜೆ ಮನೆಯಲ್ಲಿ ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದರು. ಬೆಳಗ್ಗೆ ಎದ್ದರೆ ಊತ. ಬೆರಳಲ್ಲಿ ಒತ್ತಿದರೆ ಮಂಡಿ ಚಿಪ್ಪು ನೀರಿನ ಮೇಲೆ ತೇಲಿದ ಹಾಗೆ ಆಡುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಮೊದಲ ಎರಡು ದಿನ ಎಣ್ಣೆ ಬೇಡ, ತಿಕ್ಕುವುದು ಬೇಡ, ಶಾಖ ಬೇಡ. ಅದರಿಂದ ಊತ ಜಾಸ್ತಿಯಾಗುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ. ಬರೀ ಚರ್ಮದ ಮೇಲೆ ಇಟ್ಟರೆ ಸುಟ್ಟ ಹಾಗಾಗುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ. ಕಾಲ್ಬೆರಳು ಜುಮ್ಮೆಂದರೆ ಸಡಿಲ ಮಾಡಿ. ಮಲಗಿ, ಕಾಲ ಕೆಳಗೆ ಎರಡು ದಿಂಬು ಕೊಡಿ.

ಊತ ಯಾವಾಗ ಬಂತು ಅಂತ ನೆನಪಿಟ್ಟುಕೊಳ್ಳಿ. ಡಾಕ್ಟರಿಗೆ ಅದು ದೊಡ್ಡ ಸುಳಿವು. ಒಂದೆರಡು ಗಂಟೆಯಲ್ಲೇ ಊದಿದರೆ ಕೀಲಿನೊಳಗೆ ರಕ್ತ ಸೇರಿರಬಹುದು. ಒಳಗಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಗಟ್ಟಿ ನಾರು, ಹರಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ, ನಡೆಯುವಾಗ ಮಂಡಿ ಕೈಕೊಟ್ಟ ಹಾಗೂ ಆಗುತ್ತದೆ. ನನ್ನ ಹಾಗೆ ಮಾರನೇ ದಿನ ಊದಿದರೆ, ಮಡಚಿದ ಮಂಡಿ ಬಿಡಿಸಲು ಬಾರದೆ ಸಿಕ್ಕಿಕೊಂಡರೆ, ಹೆಚ್ಚಾಗಿ ಮೆನಿಸ್ಕಸ್. ಎರಡು ಮೂಳೆಗಳ ನಡುವಿನ ಮೆತ್ತೆ ಅದು. ನನಗೆ ಎಕ್ಸ್‌ರೇ ನೋಡಿ ಏನೂ ಇಲ್ಲ ಅಂದರು. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಅಷ್ಟೇ. ಹರಿದದ್ದು ಕಂಡಿದ್ದು ಆಮೇಲೆ ಮಾಡಿಸಿದ ಎಂಆರ್‌ಐಯಲ್ಲಿ.

ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ ಅರ್ಧವೂ ಮಡಚದಿದ್ದರೆ, ಪಾದ ತಣ್ಣಗಾದರೆ, ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕುಯ್ಲು ಮುಗಿಯಲಿ ಅಂತ ಕಾಯಬೇಡಿ.

ನೋವು ಇಳಿದ ಮೇಲೆ ಡಾಕ್ಟರನ್ನು ಕೇಳಿ ತೊಡೆಗೆ ಕೆಲಸ ಕೊಡಿ. ಕಾಲು ಚಾಚಿ ಕುಳಿತು ಮಂಡಿ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ. ಸುಮ್ನೆ ಮಲಗಿದರೆ ತೊಡೆ ಬೇಗ ಬಡವಾಗುತ್ತದೆ. ಕೋಲನ್ನು ಗಟ್ಟಿ ಕಾಲಿನ ಕಡೆ ಹಿಡಿಯಿರಿ. ನಮ್ಮಲ್ಲಿ ಬಹಳ ಜನ ನೋವಿನ ಕಡೆಯೇ ಹಿಡಿಯುತ್ತಾರೆ, ಅಲ್ವಾ? ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಐದು ತಿಂಗಳ ನಂತರ ಮುಳ್ಳಯ್ಯನಗಿರಿಯ ಮೆಟ್ಟಿಲನ್ನು ನಾನು ಹೀಗೇ ಇಳಿದೆ.